ರಜೆಗೆ ಮನೆಯಿಲ್ಲದ ಚಾರ್ಟು ಸುಳ್ಳು ಚಾರ್ಟು



ಹೋಟೆಲಿನ ಗೋಡೆಯ ಮೇಲೊಂದು ಚಾರ್ಟು, ಹೊಸ ಶಾಖೆ ಕಟ್ಟುವ ಕಂತ್ರಾಟದಾರನ ಕೈಯಲ್ಲೊಂದು ಚಾರ್ಟು. ಯಾರು ಯಾವ ದಿನ ಏನು ಮಾಡಬೇಕು, ಕೆಲಸ ಎಂದು ಮುಗಿಯಬೇಕು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ರಜೆಗೆ ಮಾತ್ರ ಅಲ್ಲಿ ಮನೆಯಿಲ್ಲ.

ಮೊದಲು ಕಟ್ಟಡದ ಲೆಕ್ಕ ನೋಡಿ. 24 ದಿನದ ಕೆಲಸ 1ನೇ ತಾರೀಕು ಸೋಮವಾರ ಶುರುವಾಯಿತೆನ್ನಿ. ಚಾರ್ಟು ಬರೆದವನು 24ಕ್ಕೇ ಗೆರೆ ಎಳೆದು ‘ಮುಗಿಯಿತು’ ಎನ್ನುತ್ತಾನೆ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಮುಗಿಯುವುದು 27ಕ್ಕೆ. ನಡುವೆ ಒಂದು ಹಬ್ಬದ ರಜೆ ಬಂದರೆ, 28 ಮತ್ತೆ ಭಾನುವಾರವಾದ್ದರಿಂದ, 29ಕ್ಕೆ. ಚಾರ್ಟು ನುಂಗಿದ ಈ ದಿನಗಳನ್ನು ಕೊಡುವವರು ಯಾರು? ಗಾರೆಯವನೂ ಬಡಗಿಯೂ ತಮ್ಮ ಮೈ ದಂಡಿಸಿ ಕೊಡಬೇಕು. ಕೊಡದಿದ್ದರೆ ‘ಕೆಲಸಗಳ್ಳರು’ ಎಂಬ ಬಿರುದು!

ಹೋಟೆಲಿನೊಳಗೂ ಇದೇ ಮೋಸ. ಆರು ಜಾಗಗಳಿಗೆ ಏಳು ದಿನವೂ ಆಳು ಬೇಕೆಂದರೆ ವಾರಕ್ಕೆ 42 ಪಾಳಿ. ಒಬ್ಬನು ಆರು ಪಾಳಿ ದುಡಿದರೆ ಬೇಕಾದವರು ಏಳು ಜನ. ಧಣಿಗಳು ಇಡುವುದು ಆರೇ ಜನರನ್ನು. ರಜೆ ಕೇಳಿದರೆ, “ಬದಲಿ ಇಲ್ಲವಲ್ಲಪ್ಪ, ಏನು ಮಾಡಲಿ?” ಎಂದು ಗಲ್ಲಾದ ಮೇಲಿಂದ ಉತ್ತರ. ಬದಲಿ ಇಲ್ಲದಂತೆ ಮಾಡಿದವರು ಯಾರು ಸ್ವಾಮಿ?

“ಹೋಟೆಲು ಏಳು ದಿನವೂ ತೆರೆದಿರಬೇಕು” ಎನ್ನುತ್ತಾರೆ. ಇರಲಿ, ನಾವು ಬೇಡವೆನ್ನುವುದಿಲ್ಲ. ಏಳು ದಿನದ ಹಾಲಿಗೆ, ಗ್ಯಾಸಿಗೆ, ಬಾಡಿಗೆಗೆ ಲೆಕ್ಕ ಹಾಕುವವರಿಗೆ ಏಳನೆಯ ಆಳಿನ ಪಗಾರ ಮಾತ್ರ ಏಕೆ ಕಣ್ಣಿಗೆ ಬೀಳುವುದಿಲ್ಲ?

ವಾರದ ರಜೆ ಯಾರೂ ಕೊಟ್ಟ ಧರ್ಮವಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಒಂದುಗೂಡಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರ ಜೂನ್ 10ರಂದು ಮುಂಬಯಿಯ ಗಿರಣಿ ಮಾಲಕರು ಭಾನುವಾರದ ರಜೆಗೆ ಒಪ್ಪಿದರು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯೂ ತನ್ನ ವ್ಯಾಪ್ತಿಗೆ ಬರುವ ಹೋಟೆಲುಗಳಲ್ಲಿ ವಾರಕ್ಕೆ ಸತತ 24 ಗಂಟೆಗಳ ವಿಶ್ರಾಂತಿ ಕೊಡಲೇಬೇಕೆಂದಿದೆ. ಅದರ ಜೊತೆಗೆ ವರ್ಷಕ್ಕೆ 8 ದಿನ ಪಗಾರಸಹಿತ ಹಬ್ಬದ ರಜೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಈ ಎಂಟರಲ್ಲಿ ಸೇರಿವೆ. ಈ ತಾರೀಕುಗಳು ವರ್ಷದ ಮೊದಲೇ ಗೊತ್ತಿರುವಂಥವು. ಚಾರ್ಟು ಬರೆಯುವವನಿಗೆ ‘ಮರೆತೆ’ ಎನ್ನಲು ಬಾಯಿಲ್ಲ.

ಬಂಧುಗಳೇ, ಮುಂದಿನ ತಿಂಗಳ ಚಾರ್ಟು ಗೋಡೆಗೇರಿದ ಕೂಡಲೇ ಮೂರು ಸಂಗತಿ ನೋಡಿ. ನಿಮ್ಮ ಹೆಸರಿನ ಮುಂದೆ ವಾರದ ರಜೆ ಬರೆದಿದೆಯೇ? ಹಬ್ಬದ ದಿನ ಬಿಟ್ಟಿದೆಯೇ? ಆ ದಿನಕ್ಕೆ ಬದಲಿಯ ಹೆಸರಿದೆಯೇ? ಇಲ್ಲವಾದರೆ ಒಬ್ಬೊಬ್ಬರೇ ಗಲ್ಲಾದ ಮುಂದೆ ಕೈಕಟ್ಟಿ ನಿಲ್ಲಬೇಡಿ. ಚಾರ್ಟಿನ ನಕಲು ತೆಗೆದುಕೊಂಡು ಸಂಘದ ಕಚೇರಿಗೆ ಬನ್ನಿ. ಎಲ್ಲರೂ ಕೂಡಿಯೇ ಹೋಗಿ ಕೇಳೋಣ.

ಕೆಲಸದ ದಿನ ಬರೆಯುವ ಕೈಯೇ ರಜೆಯ ದಿನವನ್ನೂ ಬರೆಯಲಿ!