ತಂದೆಯವರ ಅಂಬಾಸಿಡರು

ಹಳೆಯ ಕಾರನ್ನು ಇಟ್ಟುಕೊಂಡವನಿಗೂ ಹಳಗನ್ನಡ ಪಾಠ ಹೇಳುವವನಿಗೂ ಒಂದು ಸಾಮ್ಯವುಂಟು. ಇಬ್ಬರನ್ನೂ ಕಂಡು ಲೋಕ ಮರುಕಪಡುತ್ತದೆ. ನಾನು ಎರಡೂ ಆಗಿರುವುದರಿಂದ ಆ ಮರುಕ ನನಗೆ ಇಮ್ಮಡಿಯಾಗಿ ಸಲ್ಲುತ್ತಿದೆ.

ನಮ್ಮ ತಂದೆಯವರು 1991ರಲ್ಲಿ ಕೊಂಡ ಅಂಬಾಸಿಡರು ಅದು. ಉತ್ತರಪಾಡಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ತಂದೆಯವರು ತೀರಿಕೊಂಡ ಮರುವರ್ಷ ಎಂಜಿನ್ನೂ ಕೈಕೊಟ್ಟಿತು. ಬೇರೊಂದು ಡೀಸೆಲ್ ಎಂಜಿನ್ನನ್ನು ಅದರ ಗೇರುಪೆಟ್ಟಿಗೆಯೊಡನೆ ಕೂರಿಸಿ, ಸಾರಿಗೆ ಕಚೇರಿಯಲ್ಲಿ ಬರೆಸಿದ್ದಾಯಿತು. ಹೊಸ ಗೇರುಪೆಟ್ಟಿಗೆ ಉದ್ದವಾದ್ದರಿಂದ ಹಿಂದಿನ ಅಚ್ಚಿಗೆ ಶಕ್ತಿಯನ್ನೊಯ್ಯುವ ಪ್ರೊಪೆಲರ್ ಶಾಫ್ಟನ್ನು ಕತ್ತರಿಸಿ ಮೊಟಕು ಮಾಡಿದರು. ಹಿಂಭಾಗ ಕುಸಿದಂತೆ ಕಂಡದ್ದರಿಂದ ಸ್ಪ್ರಿಂಗಿಗೆ ಒಂದೊಂದು ಪ್ಲೇಟು ಹೆಚ್ಚಿಗೆ ಸೇರಿಸಿದರು.

ಆಮೇಲೆ ತೊಡಗಿತು ಪೀಡೆ. ವೇಗ ಗಂಟೆಗೆ 60 ಕಿಲೋಮೀಟರು ಮುಟ್ಟಿತೆಂದರೆ ಪೀಠದ ಕೆಳಗಿನಿಂದ ಗುಂಯ್ ಎಂಬ ನಡುಕ ಹೊರಡುವುದು. ಮೈಸೂರಿನಿಂದ ಹಾಸನಕ್ಕೆ ಹೊರಟ ತಾಯಿಯವರು ಹೊಳೆನರಸೀಪುರದಲ್ಲಿಯೇ, "ಗಾಡಿ ನಿಲ್ಲಿಸಪ್ಪಾ, ನಾನು ಬಸ್ಸಿಗೆ ಬರ್ತೀನಿ" ಎಂದುಬಿಟ್ಟರು. ಶಾಫ್ಟನ್ನು ಎರಡು ಬಾರಿ ತೂಕ ಸರಿಪಡಿಸಿ ತಂದದ್ದಾಯಿತು. ಜಾಯಿಂಟಿನ ಕ್ರಾಸುಗಳನ್ನೂ ಬದಲಿಸಿದ್ದಾಯಿತು. ನಡುಕ ಮಾತ್ರ ಕದಲಲಿಲ್ಲ. "ಈ ತಿಂಗಳು ಕಳೆಯಲಿ, ಗುಜರಿಗೆ ಕೊಟ್ಟುಬಿಡೋಣ" ಎಂದು ನಮ್ಮ ಅಣ್ಣ ಗಡುವು ವಿಧಿಸಿದ. ತಂದೆಯವರ ಕೈ ಸವೆಸಿದ ಆ ಸ್ಟಿಯರಿಂಗ್ ಚಕ್ರವನ್ನು ನೋಡುತ್ತ ನಾನು ಸುಮ್ಮನಿದ್ದೆ.

ಕೊನೆಗೆ ದಾರಿ ತೋರಿಸಿದವರು ಒಬ್ಬ ವೃದ್ಧ ಫಿಟ್ಟರ್ ಸಾಹೇಬರು. ಕಾರಿನ ಕೆಳಗೆ ಒಮ್ಮೆ ನುಸುಳಿ ಎದ್ದು ಬಂದು, "ಮೇಷ್ಟ್ರೇ, ಶಾಫ್ಟು ಚೆನ್ನಾಗೇ ಇದೆ. ಮುಂದಿನದಕ್ಕೂ ಹಿಂದಿನದಕ್ಕೂ ಮಾತೇ ಹೊಂದ್ತಿಲ್ಲ" ಎಂದರು.

ಮಾತು ಹೊಂದುವುದೆಂದರೇನು? ಶಾಫ್ಟಿನ ಎರಡು ತುದಿಗಳಲ್ಲಿಯೂ ಒಂದೊಂದು ಯೂನಿವರ್ಸಲ್ ಜಾಯಿಂಟ್ ಇರುತ್ತದೆ. 17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರೂ ಈ ಸಂಧಿಗೆ ಉಂಟು. ಓರೆಯಾಗಿ ನಿಂತ ಎರಡು ದಂಡಗಳನ್ನು ಇದು ಕೂಡಿಸುತ್ತದೆ, ನಿಜ. ಆದರೆ ಒಂದು ಮೋಸ ಮಾಡುತ್ತದೆ. ಓರೆ 7 ಡಿಗ್ರಿ ಇದ್ದು, ಒಂದು ದಂಡ ನಿಮಿಷಕ್ಕೆ 2000 ಸುತ್ತು ಸಮವಾಗಿ ತಿರುಗುತ್ತಿದ್ದರೆ, ಇನ್ನೊಂದರ ವೇಗ 1985ಕ್ಕೂ 2015ಕ್ಕೂ ನಡುವೆ ಏರಿಳಿಯುತ್ತಿರುತ್ತದೆ, ಅದೂ ಒಂದೊಂದು ಸುತ್ತಿನಲ್ಲಿ ಎರಡೆರಡು ಬಾರಿ. ನಮ್ಮ ಕಾರು 60ರಲ್ಲಿ ಓಡುವಾಗ ಶಾಫ್ಟು ಹೆಚ್ಚುಕಡಮೆ ಅಷ್ಟೇ ವೇಗದಲ್ಲಿ ತಿರುಗುತ್ತದೆ. ತೂಕ ಸರಿಪಡಿಸಿದರೆ ಹೋಗುವ ರೋಗವಲ್ಲ ಇದು.

ಮದ್ದು ಎರಡನೆಯ ಜಾಯಿಂಟಿನಲ್ಲಿದೆ. ವ್ಯಾಕರಣದಲ್ಲಿ ಎರಡು ನಿಷೇಧಗಳು ಸೇರಿ ವಿಧಿಯಾಗುವಂತೆ, ಮುಂದಿನ ಜಾಯಿಂಟಿನ ಏರಿಳಿತವನ್ನು ಹಿಂದಿನದು ಅಳಿಸಿಹಾಕಬಲ್ಲುದು. ಆದರೆ ಎರಡರ ಓರೆಯೂ ಸಮನಾಗಿರಬೇಕು, ಶಾಫ್ಟಿನ ಎರಡು ತುದಿಯ ಕವಲುಗಳೂ ಒಂದೇ ನೇರದಲ್ಲಿರಬೇಕು. ಎಂದರೆ ಗೇರುಪೆಟ್ಟಿಗೆಯ ದಂಡವೂ ಹಿಂದಿನ ಪಿನಿಯನ್ನೂ ಪರಸ್ಪರ ಸಮಾಂತರವಾಗಿರಬೇಕು. ಹಾಗೆಂದು ಓರೆಯೇ ಇಲ್ಲದಂತೆ ಮಾಡುವುದೂ ತಪ್ಪು. ಆಗ ಕ್ರಾಸಿನ ಸೂಜಿ ಬೇರಿಂಗುಗಳು ಹೊರಳದೆ ಒಂದೇ ಕಡೆ ಗೀರು ಬಿದ್ದು ಕೆಡುತ್ತವೆ.

ಹಿಂದೆ ಅಳೆದವರು ಕಾರನ್ನು ಜ್ಯಾಕಿನ ಮೇಲೆತ್ತಿ, ಅಚ್ಚು ಜೋತಾಡುತ್ತಿದ್ದಾಗ ಅಳೆದಿದ್ದರು. ಸಾಹೇಬರು ಹಾಗೆ ಮಾಡಲಿಲ್ಲ. ಕಾರು ತನ್ನ ಚಕ್ರಗಳ ಮೇಲೆಯೇ, ತನ್ನ ಪೂರ್ತಿ ಭಾರ ಹೊತ್ತು ನಿಂತಿರುವಂತೆ ಗುಂಡಿಯ ಮೇಲೆ ನಿಲ್ಲಿಸಿ, ಕೋನಮಾಪಕಕ್ಕೆ ದಾರವನ್ನೂ ಸಣ್ಣದೊಂದು ತೂಗುಗುಂಡನ್ನೂ ಕಟ್ಟಿ ಅಳೆದರು. ಗೇರುಪೆಟ್ಟಿಗೆಯ ದಂಡ ಹಿಂದಕ್ಕೆ 4 ಡಿಗ್ರಿ ಇಳಿಜಾರು, ಶಾಫ್ಟು 7, ಪಿನಿಯನ್ ಸಪಾಟು, ಸೊನ್ನೆ. ಲೆಕ್ಕ ಮಾಡಿ ನೋಡಿ: ಮುಂದಿನ ಜಾಯಿಂಟಿನ ಓರೆ 3, ಹಿಂದಿನದು 7!

ಪಿನಿಯನ್ನಿನ ಮೂತಿ 4 ಡಿಗ್ರಿ ಮೇಲೇಳಬೇಕಲ್ಲವೆ ಎಂದೆ. ಸಾಹೇಬರು ತಲೆಯಾಡಿಸಿದರು. "ಮೂರು ಸಾಕು. ಎಕ್ಸಲರೇಟರ್ ಒತ್ತಿದಾಗ ಸ್ಪ್ರಿಂಗು ಮಣಿದು ಅದೇ ಒಂದು ಡಿಗ್ರಿ ಏಳುತ್ತೆ." ನಾಲ್ಕು ಕೊಟ್ಟಿದ್ದರೆ ಓಡುವಾಗ ಐದಾಗುತ್ತಿತ್ತೆಂಬುದು ನನಗೆ ಆಗ ಹೊಳೆಯಿತು. ಒಂದು ಅಂಚು ದಪ್ಪ, ಇನ್ನೊಂದು ತೆಳುವಾದ ಉಕ್ಕಿನ ಬೆಣೆಗಳನ್ನು ಕಡೆಸಿ, ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಎರಡು ಕಡೆಯೂ ಇಟ್ಟು ಯು-ಬೋಲ್ಟುಗಳನ್ನು ಬಿಗಿದರು. ಶಾಫ್ಟನ್ನು ಕತ್ತರಿಸಿದವರು ಕವಲುಗಳ ನೇರ ತಪ್ಪಿಸಿರಲಿಲ್ಲವೆಂಬುದೊಂದು ಪುಣ್ಯ. ಕೂಲಿ, ಅಷ್ಟು ದಿನ ತೆತ್ತ ದಂಡದ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಕಳೆದ ಭಾನುವಾರ ಮತ್ತೆ ಹಾಸನಕ್ಕೆ ಹೊರಟೆವು. ಹೊಳೆನರಸೀಪುರ ಬಂದಾಗ ತಾಯಿಯವರ ಕಡೆ ತಿರುಗಿ ನೋಡಿದೆ. ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಊರು ಮುಟ್ಟಿ ಅಣ್ಣನಿಗೆ ಫೋನು ಮಾಡಿದೆ.

"ಗುಜರಿಯವನಿಗೆ ಏನು ಹೇಳಲಿ?" ಎಂದು ಕೇಳಿದ.

ಇನ್ನೊಂದಿಷ್ಟು ಓಡಿಸಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕಾಗಿದೆ, ಆ ಕೆಲಸಕ್ಕೆ ನೀನೂ ಬಾ ಎಂದೆ.