ಒಂದೇ ತೂತಿನ ಸಾಕ್ಷ್ಯ

ದ್ರೋಣಾಚಾರ್ಯರು ಶಿಷ್ಯರನ್ನು ಮರದ ಕೆಳಗೆ ನಿಲ್ಲಿಸಿ ‘ಏನು ಕಾಣುತ್ತಿದೆ?’ ಎಂದು ಕೇಳಿದ ಕಥೆಯನ್ನು ಬಾಲ್ಯದಲ್ಲಿ ಕೇಳದವರಿಲ್ಲ. ಒಬ್ಬನಿಗೆ ಮರ ಕಂಡಿತು, ಇನ್ನೊಬ್ಬನಿಗೆ ಕೊಂಬೆ ಕಂಡಿತು. ಅರ್ಜುನನಿಗೆ ಮಾತ್ರ ಹಕ್ಕಿಯ ಕಣ್ಣೊಂದೇ ಕಂಡಿತು. ಈ ಕಥೆಯನ್ನು ನೆಚ್ಚಿಕೊಂಡು ನಾನು ನನ್ನ ತಂಗಿಯ ಮಗನಿಗೆ ಉಪದೇಶ ಮಾಡಿದೆ. ಆ ಉಪದೇಶದ ಫಲವಾಗಿ ಅವನು ಒಂದು ಆಯ್ಕೆ ಸ್ಪರ್ಧೆಯನ್ನು ಕಳೆದುಕೊಂಡ. ಅನ್ಯರ ತಪ್ಪೊಪ್ಪಿಗೆಗಳನ್ನು ಓದುವುದು ನನ್ನ ವೃತ್ತಿಯ ಭಾಗ. ಈ ವಾರ ನನ್ನದೇ ಒಂದನ್ನು ಓದುಗರ ಮುಂದಿಡುತ್ತಿದ್ದೇನೆ.

ಹುಡುಗನಿಗೆ ಹದಿನೈದು ವರ್ಷ. ಸೊಲ್ಲಾಪುರದಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲು ಕಲಿಯುತ್ತಾನೆ. ನಮ್ಮ ಸೀಮೆಗೆ ಈ ಆಟದ ಹುಚ್ಚು ಹಿಡಿದುದರಲ್ಲಿ ಆಶ್ಚರ್ಯವಿಲ್ಲ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದ ರಾಹಿ ಸರ್ನೋಬತ್ ಕೊಲ್ಹಾಪುರದವರು; 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರೈಫಲ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆಯೂ ಅದೇ ಜಿಲ್ಲೆಯವರು. ಹುಡುಗನ ತಂದೆ ಪವರ್‌ಲೂಮ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವರು. ಸಾಲ ಮಾಡಿ, ಒಬ್ಬರು ಬಳಸಿ ಬಿಟ್ಟ ಪಿಸ್ತೂಲನ್ನು ಕೊಡಿಸಿದ್ದರು. 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ ನಮ್ಮ ಕಾನೂನಿನಲ್ಲಿ ಪರವಾನಗಿ ಬೇಕಿಲ್ಲ. ಪರವಾನಗಿ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಕಣ್ಣನ್ನು ಕಳೆಯುವ ಶಕ್ತಿ ಅದಕ್ಕೂ ಇದೆ ಎಂಬುದನ್ನು ಪಾಲಕರು ಮರೆಯಬಾರದು.

ಮೊದಲು ಯಂತ್ರದ ಮಾತು. ನಳಿಗೆಯ ತುದಿಯಲ್ಲಿ ಒಂದು ಚಿಕ್ಕ ಚೌಕ ಗೂಟವಿರುತ್ತದೆ; ಅದು ಮುಂದಿನ ಸೈಟ್. ನಮ್ಮ ಕಣ್ಣಿನ ಕಡೆಗೆ, ನಡುವೆ ಚೌಕವಾದ ಕಚ್ಚು ಕೊರೆದ ತಗಡೊಂದಿರುತ್ತದೆ. ಅದು ಹಿಂದಿನ ಸೈಟ್. ಗೂಟದ ತಲೆ ತಗಡಿನ ಅಂಚಿಗೆ ಸಮಮಟ್ಟದಲ್ಲಿದ್ದು, ಗೂಟದ ಎರಡೂ ಪಕ್ಕಗಳಲ್ಲಿ ಬೆಳಕಿನ ಸಂದು ಸಮನಾಗಿ ಕಂಡರೆ ಸೈಟುಗಳು ಹೊಂದಿದವೆಂದು ಅರ್ಥ. ಹೀಗೆ ಹೊಂದಿಸಿದ ಸೈಟುಗಳನ್ನು ಗುರಿಯ ಕಪ್ಪು ವೃತ್ತದ ಮೇಲಲ್ಲ, ಅದರ ಕೆಳಗೆ, ನಡುವೆ ಸ್ವಲ್ಪ ಬಿಳಿ ಬಿಟ್ಟು ಹಿಡಿಯುವುದು ರೂಢಿ. ಕಪ್ಪು ಗೂಟವನ್ನು ಕಪ್ಪು ವೃತ್ತದ ಮೇಲಿಟ್ಟರೆ ಅದರ ಅಂಚು ಕಣ್ಣಿಗೆ ಸಿಗುವುದಿಲ್ಲ. ಕೆಳಗೆ ಹಿಡಿದರೂ ಪೆಲೆಟ್ಟು ನಡುವಿಗೇ ಬೀಳುವಂತೆ ಹಿಂದಿನ ಸೈಟನ್ನು ಮೊದಲೇ ಹೊಂದಿಸಿರುತ್ತಾರೆ.

ಇನ್ನು ಲೆಕ್ಕ. ಎರಡು ಸೈಟುಗಳ ನಡುವಿನ ಅಂತರ 33 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಹತ್ತು ಮೀಟರ್ ದೂರವು ಅದರ ಸುಮಾರು ಮೂವತ್ತು ಪಟ್ಟು. ಗೂಟವು ಕಚ್ಚಿನೊಳಗೆ ಕಾಲು ಮಿಲಿಮೀಟರ್ ಬಲಕ್ಕೆ ಸರಿದರೆ ಪೆಲೆಟ್ಟು ಗುರಿಯಲ್ಲಿ ಹೆಚ್ಚುಕಡಿಮೆ ಏಳೂವರೆ ಮಿಲಿಮೀಟರ್ ಬಲಕ್ಕೆ ಬೀಳುತ್ತದೆ. ಗುರಿಯಲ್ಲಿ ಒಂದು ವೃತ್ತದ ಗೆರೆಯಿಂದ ಇನ್ನೊಂದರ ಗೆರೆಗೆ ಇರುವುದೇ 8 ಮಿಲಿಮೀಟರ್. ಕೂದಲೆಳೆಯಷ್ಟು ತಪ್ಪಿಗೆ ಒಂದು ಅಂಕ ಹೋಯಿತು. ಅದೇ ಸೈಟುಗಳು ಹೊಂದಿಕೊಂಡೇ ಇದ್ದು, ಇಡೀ ಕೈ ಕಾಲು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ಟು ಸರಿಯುವುದೂ ಕಾಲು ಮಿಲಿಮೀಟರ್ ಮಾತ್ರ.

ಆದುದರಿಂದ ಪಿಸ್ತೂಲು ಹಿಡಿದವನ ದೃಷ್ಟಿ ನೆಡಬೇಕಾದುದು ಗುರಿಯಲ್ಲಲ್ಲ, ಮುಂದಿನ ಸೈಟಿನ ಗೂಟದ ಮೇಲೆ. ಗೂಟ ಸ್ಫುಟವಾಗಿರಬೇಕು, ಗುರಿ ಮಸುಕಾಗಿರಬೇಕು. ಅರ್ಜುನನು ಹಕ್ಕಿಯ ಕಣ್ಣನ್ನು ನೋಡಿದ; ಇಲ್ಲಿ ಹಕ್ಕಿಯನ್ನು ಮಸುಕಾಗಲು ಬಿಟ್ಟು ಬಾಣದ ಮೊನೆಯನ್ನು ನೋಡಬೇಕು. ಇದನ್ನರಿಯದ ನಾನು ಹುಡುಗನಿಗೆ ಪದೇ ಪದೇ ಹೇಳಿದ್ದು ಒಂದೇ ಮಾತು: ‘ಕಪ್ಪು ವೃತ್ತದಿಂದ ಕಣ್ಣು ತೆಗೆಯಬೇಡ.’

ಎರಡನೆಯ ಅಪರಾಧ ಸ್ಕ್ರೂಗಳದು. ಹಿಂದಿನ ಸೈಟಿಗೆ ಎರಡು ಸ್ಕ್ರೂಗಳಿರುತ್ತವೆ. ಒಂದು ಎಡಬಲಕ್ಕೆ, ಇನ್ನೊಂದು ಮೇಲೆಕೆಳಗೆ. ಸೂತ್ರ ಸರಳವಾದುದು: ಪೆಲೆಟ್ಟು ಯಾವ ಕಡೆಗೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆಗೆ ಸರಿಸಬೇಕು. ಸ್ಕ್ರೂ ತಿರುಗುವಾಗ ಒಂದೊಂದು ಹೆಜ್ಜೆಗೂ ‘ಕ್ಲಿಕ್’ ಎನ್ನುತ್ತದೆ. ಒಂದು ಕ್ಲಿಕ್ಕಿಗೆ ಎಷ್ಟು ಸರಿಯುತ್ತದೆಂಬುದನ್ನು ತಯಾರಕರ ಪುಸ್ತಿಕೆ ಹೇಳುತ್ತದೆ. ಆದರೆ ಸ್ಕ್ರೂವಿನ ಮೇಲಿನ ಬಾಣದ ಗುರುತಿನ ವಿಷಯದಲ್ಲಿ ಎಚ್ಚರವಿರಬೇಕು. ಕೆಲವರು ‘ಪೆಲೆಟ್ಟು ಈ ಕಡೆಗೆ ಹೋಗಲಿ’ ಎಂಬ ಅರ್ಥದಲ್ಲಿ ಗುರುತು ಹಾಕುತ್ತಾರೆ. ಇನ್ನು ಕೆಲವರು ‘ಪೆಲೆಟ್ಟು ಈ ಕಡೆಗೆ ಬಿದ್ದಿದ್ದರೆ ಹೀಗೆ ತಿರುಗಿಸಿ’ ಎಂಬ ಅರ್ಥದಲ್ಲಿ. ಎರಡೂ ಒಂದಕ್ಕೊಂದು ತದ್ವಿರುದ್ಧ.

ಆಯ್ಕೆಯ ದಿನ ಬೇರೆ ಊರಿನ ಸಭಾಂಗಣ, ಬೇರೆ ಬೆಳಕು. ಬೆಳಕು ಬದಲಾದರೆ ಗೂಟವೂ ಕಚ್ಚೂ ಕಣ್ಣಿಗೆ ಕಾಣುವ ರೀತಿಯೇ ಬದಲಾಗುತ್ತದೆ. ಅದಕ್ಕೆಂದೇ ಅಂಕ ಎಣಿಸುವ ಮೊದಲು ಪರೀಕ್ಷೆಯ ಹೊಡೆತಗಳಿಗೆ ಅವಕಾಶವಿರುತ್ತದೆ. ಅಂತಾರಾಷ್ಟ್ರೀಯ ನಿಯಮದಲ್ಲಿ 60 ಹೊಡೆತಗಳ ಸ್ಪರ್ಧೆಗೆ ಮುನ್ನ 15 ನಿಮಿಷ. ಹುಡುಗನ ಮೊದಲ ಪೆಲೆಟ್ಟು ಬಲಕ್ಕೆ, ಏಳರ ವೃತ್ತಕ್ಕೆ ಬಿತ್ತು. ಅವನು ತಿರುಗಿ ನನ್ನ ಮುಖ ನೋಡಿದ. ನಾನು ಹಿಂದಿನಿಂದ ಎಡಕ್ಕೆ ಕೈಮಾಡಿದೆ. ಅವನು ತಿರುಗಿಸಿದ. ಮುಂದಿನದು ಎಡಕ್ಕೆ ಬಿತ್ತು, ಬಲಕ್ಕೆ ಕೈಮಾಡಿದೆ. ಅದರ ಮುಂದಿನದು ಕೆಳಗೆ, ಮೇಲೆ ತೋರಿಸಿದೆ. ಅವಕಾಶದ ಸಮಯ ಮುಗಿಯುವ ಹೊತ್ತಿಗೆ ಎಷ್ಟು ಕ್ಲಿಕ್ಕು ಎತ್ತ ಹೋಯಿತೆಂಬುದು ಅವನಿಗೂ ತಿಳಿಯದು, ನನಗೂ ತಿಳಿಯದು. ಸ್ಪರ್ಧೆಯಲ್ಲಿ ಏಳು ಎಂಟುಗಳೇ ಬಂದವು. ಮರಳುವ ಬಸ್ಸಿನಲ್ಲಿ ಅವನು ಒಂದೇ ಮಾತು ಆಡಿದ: “ಮಾಮಾ, ಪಿಸ್ತೂಲು ಚಲೋ ಇಲ್ಲ. ಅಪ್ಪಗ ಹೇಳಿ ಮಾರಿಬಿಡೋಣ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವುದೇ ಸಂಗತಿಯನ್ನು ರುಜುವಾತುಪಡಿಸಲು ಇಂತಿಷ್ಟೇ ಸಾಕ್ಷಿಗಳು ಬೇಕೆಂಬ ನಿಯಮವಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 134ನೆಯ ಕಲಮು ಹೇಳುತ್ತಿತ್ತು. 2023ರ ಹೊಸ ಕಾನೂನೂ ಆ ತತ್ವವನ್ನು ಉಳಿಸಿಕೊಂಡಿದೆ. ನಂಬಲರ್ಹನಾದ ಒಬ್ಬನ ಮಾತು ನ್ಯಾಯಾಲಯಕ್ಕೆ ಸಾಕು. ಆ ಒಬ್ಬನನ್ನಾದರೂ ಪಾಟೀಸವಾಲಿಗೆ ಒಳಪಡಿಸಿ, ಅವನ ಮಾತು ನಿಲ್ಲುವುದೇ ಎಂದು ನೋಡುತ್ತೇವೆ. ಗುರಿಯ ಮೇಲಿನ ಒಂದು ತೂತನ್ನು ಪಾಟೀಸವಾಲಿಗೆ ಒಳಪಡಿಸಲಾಗದು. ಅದು ಸೈಟಿನ ತಪ್ಪೋ ಕೈಯ ತಪ್ಪೋ ಎಂಬುದನ್ನು ಅದೊಂದೇ ಹೇಳಲಾರದು. ನಾನು ಪ್ರತಿಯೊಂದು ತೂತಿಗೂ ಒಂದೊಂದು ತೀರ್ಪು ಕೊಟ್ಟಿದ್ದೆ.

ಮರುವಾರ ಇಬ್ಬರೂ ಅಭ್ಯಾಸದ ಜಾಗಕ್ಕೆ ಹೋದೆವು. ಮೊದಲು ನಾನು ಅವನಲ್ಲಿ ತಪ್ಪು ಒಪ್ಪಿಕೊಂಡೆ. ಬಳಿಕ ಅವನ ತರಬೇತುದಾರರು ಹೇಳಿದಂತೆ, ಸ್ಕ್ರೂವನ್ನು ಮುಟ್ಟದೆ, ಒಂದೇ ರೀತಿಯಲ್ಲಿ ಹಿಡಿದು, ಹತ್ತು ಹೊಡೆತ. ಕಾಗದವನ್ನು ಮುಂದಿಟ್ಟುಕೊಂಡು ಹತ್ತೂ ತೂತುಗಳ ನಡುವಣ ಬಿಂದುವನ್ನು ಗುರುತಿಸಿದೆವು. ಆ ಬಿಂದು ಎಷ್ಟು ದೂರವೋ ಅಷ್ಟೇ ಸೈಟಿನ ಪಾಲಿನ ತಪ್ಪು. ಸ್ಕ್ರೂ ಸರಿಪಡಿಸಬಲ್ಲದು ಅಷ್ಟನ್ನೇ. ತೂತುಗಳು ತಮ್ಮೊಳಗೆ ಎಷ್ಟು ಚದುರಿವೆಯೋ ಅದು ಹೊಡೆಯುವವನ ಪಾಲು. ಅದಕ್ಕೆ ಸ್ಕ್ರೂ ಇಲ್ಲ. ನಡುಬಿಂದುವಿನ ಪ್ರಕಾರ ಎರಡೂ ಸ್ಕ್ರೂಗಳನ್ನು ಹೊಂದಿಸಿ, ಮತ್ತೆ ಹತ್ತು ಹೊಡೆದು ನೋಡಿದೆವು. ಸ್ಕ್ರೂವಿನಲ್ಲಿ ಸಡಿಲವಿದ್ದರೆ ಮೋಸವಾದೀತೆಂದು, ಪ್ರತಿಸಲವೂ ಕೊನೆಯ ತಿರುವು ಒಂದೇ ದಿಕ್ಕಿನಿಂದ ಬರುವಂತೆ ನೋಡಿಕೊಂಡೆವು.

ಗುಂಪು ನಡುವಿಗೆ ಬಂದಿತು. ಬಂದ ಮೇಲೆಯೂ ಆಗಾಗ ಒಂದು ಪೆಲೆಟ್ಟು ಕೆಳಗೆ ಎಡಕ್ಕೆ ತಪ್ಪಿಸಿಕೊಳ್ಳುತ್ತಿತ್ತು. ತರಬೇತುದಾರರು ನಕ್ಕರು: ಬಲಗೈಯವನು ಟ್ರಿಗರನ್ನು ಮೆಲ್ಲಗೆ ಒತ್ತದೆ ಜಗ್ಗಿದರೆ ಹೀಗಾಗುತ್ತದೆ. ಪಿಸ್ತೂಲಿನಲ್ಲಿ ದೋಷವಿರಲಿಲ್ಲ. ಸಾಲದ ಕಂತು ಇನ್ನೂ ತೀರದ ಆ ಪಿಸ್ತೂಲನ್ನು ಮಾರುವ ಮಾತು ಅಲ್ಲಿಗೆ ನಿಂತಿತು.

ನನ್ನ ವಯಸ್ಸಿನ ಓದುಗರಿಗೂ ಒಂದು ಮಾತಿದೆ. ಅಂದು ನಾನೂ ಪಿಸ್ತೂಲು ಎತ್ತಿ ನೋಡಿದೆ. ಗುರಿ ಸ್ವಚ್ಛವಾಗಿ ಕಂಡಿತು; ತೋಳಿನ ಕೊನೆಯ ಗೂಟ ಮಾತ್ರ ನೊಣದಂತೆ ಮಸುಕು. ನಲವತ್ತು ದಾಟಿದ ಕಣ್ಣು ಹತ್ತಿರದ್ದನ್ನು ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತ ಬರುತ್ತದೆ. ಓದುವ ಕನ್ನಡಕ ಇಲ್ಲಿ ನೆರವಾಗದು, ಅದು ಪುಸ್ತಕದ ದೂರಕ್ಕೆ ಮಾಡಿದ್ದು. ಚಾಚಿದ ತೋಳಿನ ತುದಿಯ ದೂರವನ್ನು ಅಳೆದುಕೊಂಡು ಹೋಗಿ ಕಣ್ಣಿನ ವೈದ್ಯರಿಗೆ ಹೇಳಬೇಕು. ದೂರದೃಷ್ಟಿಯ ನಂಬರಿಗೆ ಅರ್ಧದಿಂದ ಮುಕ್ಕಾಲು ಡಯಾಪ್ಟರಿನಷ್ಟು ಕೂಡಿಸಿದರೆ ಸಾಮಾನ್ಯವಾಗಿ ಗೂಟ ತಿಳಿಯಾಗುತ್ತದೆ. ದೂರದ ಹಕ್ಕಿ ಚೆನ್ನಾಗಿ ಕಾಣುತ್ತದೆಂಬ ಹೆಮ್ಮೆಯಲ್ಲಿ, ಕೈಯಳತೆಯಲ್ಲಿರುವುದು ಮಸುಕಾದುದನ್ನು ನಾನು ಗಮನಿಸಿಯೇ ಇರಲಿಲ್ಲ.

ಈಗ ಹುಡುಗನ ಬಳಿ ಒಂದು ನೋಟ್‌ಬುಕ್ಕಿದೆ. ದಿನಾಂಕ, ಬೆಳಕು, ಯಾವ ಸ್ಕ್ರೂ ಎಷ್ಟು ಕ್ಲಿಕ್, ಯಾಕೆ ಎಂಬುದನ್ನೆಲ್ಲ ಬರೆದಿಡುತ್ತಾನೆ. ಮುಂದಿನ ಆಯ್ಕೆಗೆ ಅವನೊಡನೆ ಬರುತ್ತೇನೆಂದು ನಾನು ಹೇಳಿದಾಗ ಸ್ವಲ್ಪ ಯೋಚಿಸಿ ಅವನು ಅಪ್ಪಣೆ ಕೊಟ್ಟ, ಒಂದು ಷರತ್ತಿನ ಮೇಲೆ:

“ಬರ್ರಿ ಮಾಮಾ. ಆದರ ಹಿಂದ ನಿಂದರಬ್ಯಾಡ್ರಿ. ಹೊರಗ ಚಾ ಕುಡಕೋತ ಕೂಡ್ರಿ.”