ಸರ್ಜಾಪುರದಿಂದ ಮೂಡುಬಿದಿರೆಗೆ: ಹಾರಾಟ ಒಂದು ಗಂಟೆ, ಪ್ರಯಾಣ ಅರ್ಧ ದಿನ

ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 305 ಕಿ.ಮೀ. ವಿಮಾನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಸಾಕು. ಆದರೆ ಸರ್ಜಾಪುರದ ಸುತ್ತಮುತ್ತ ನೆಲೆಸಿ ಐ.ಟಿ. ಕಂಪನಿಗಳಲ್ಲಿ ದುಡಿಯುವ ಕರಾವಳಿ ಮೂಲದ ಜೈನ ಕುಟುಂಬಗಳಿಗೆ ಊರು ಅಷ್ಟು ಹತ್ತಿರವಿಲ್ಲ.

ಸರ್ಜಾಪುರದಿಂದ ದೇವನಹಳ್ಳಿ ಬಳಿಯ ನಿಲ್ದಾಣಕ್ಕೆ ಸುಮಾರು 55 ಕಿ.ಮೀ. ದಟ್ಟಣೆಯ ವೇಳೆಯಲ್ಲಿ ಇದಕ್ಕೇ ಎರಡು ಗಂಟೆ ಬೇಕು. ತಪಾಸಣೆಗೆ ಮತ್ತು ಕಾಯುವುದಕ್ಕೆ ಒಂದೂವರೆ ಎರಡು ಗಂಟೆ, ಹಾರಾಟಕ್ಕೆ ಒಂದು, ಇಳಿದು ಲಗೇಜ್ ಪಡೆಯಲು ಅರ್ಧ, ಬಜ್ಪೆಯಿಂದ ಮೂಡುಬಿದಿರೆಗೆ ಇನ್ನೊಂದು ಗಂಟೆ. ಒಟ್ಟು ಆರು ಗಂಟೆ ದಾಟುತ್ತದೆ. ಶಿರಾಡಿ ಘಾಟಿಯ ಮೂಲಕ ಕಾರಿನಲ್ಲಿ ಹೋದರೆ ಎಂಟು ಗಂಟೆಯ ಆಸುಪಾಸು. ಟಿಕೆಟಿಗೆ ಅಷ್ಟು ಹಣ ಕೊಟ್ಟು ಉಳಿಯುವುದು ಎರಡು ಗಂಟೆ ಮಾತ್ರ.

2008ರ ಮೇ ತಿಂಗಳವರೆಗೆ ಪ್ರಯಾಣಿಕರ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದಲೇ ಹಾರುತ್ತಿದ್ದವು. ಸರ್ಜಾಪುರಕ್ಕೆ ಅದು ಇಪ್ಪತ್ತು ಕಿ.ಮೀ. ಆಸುಪಾಸಿನ ದೂರ. ದೇವನಹಳ್ಳಿ ನಿಲ್ದಾಣದ ಒಪ್ಪಂದದಂತೆ, ಅದು ಆರಂಭವಾಗಿ 25 ವರ್ಷ ತುಂಬುವವರೆಗೆ, ಅಂದರೆ 2033ರವರೆಗೆ, ಮೈಸೂರು ಮತ್ತು ಹಾಸನ ಬಿಟ್ಟು 150 ಕಿ.ಮೀ. ಒಳಗೆ ಮತ್ತೊಂದು ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲ. ಹೊಸೂರಿನಲ್ಲಿ 2,000 ಎಕರೆಯಲ್ಲಿ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲಿ ಘೋಷಿಸಿತು. ಕರ್ನಾಟಕ ಸರ್ಕಾರ ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆ ಮತ್ತು ನೆಲಮಂಗಲ–ಕುಣಿಗಲ್ ರಸ್ತೆಯ ಜಾಗಗಳನ್ನು ಪರಿಶೀಲನೆಗೆ ಒಪ್ಪಿಸಿತು. ಸರ್ಜಾಪುರಕ್ಕೆ ಇವುಗಳಲ್ಲಿ ಹತ್ತಿರವಾದದ್ದು ಹೊಸೂರು. ಆದರೆ 150 ಕಿ.ಮೀ. ನಿರ್ಬಂಧಕ್ಕೆ ಅದೂ ಒಳಪಡುತ್ತದೆ. ಹಾಗಾಗಿ ಸದ್ಯಕ್ಕೆ ದೇವನಹಳ್ಳಿಯೇ ಗತಿ.

ರಾತ್ರಿಭೋಜನ ತ್ಯಾಗದ ನಿಯಮ ಪಾಲಿಸುವ ಶ್ರಾವಕ-ಶ್ರಾವಿಕೆಯರಿಗೆ ಈ ಲೆಕ್ಕ ಇನ್ನೂ ಮುಖ್ಯ. ಸಂಜೆ ಐದರ ವಿಮಾನ ಹಿಡಿಯುವವರು ಮನೆ ಬಿಡಬೇಕಾದದ್ದು ಒಂದು ಗಂಟೆಗೆ. ಮೂಡುಬಿದಿರೆ ತಲುಪುವಷ್ಟರಲ್ಲಿ ಸೂರ್ಯಾಸ್ತವಾಗಿರುತ್ತದೆ. ಮನೆಯ ಹಿರಿಯರು ಅಡುಗೆ ಮಾಡಿಟ್ಟು ಕಾದರೂ ಬಂದವರು ಉಣ್ಣುವಂತಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ನಿಲ್ದಾಣದಲ್ಲೇ ಮುಗಿಸಬೇಕು. ಬೆಳಗ್ಗೆ ಹನ್ನೊಂದರ ಹೊತ್ತಿನ ವಿಮಾನವಾದರೆ ಏಳಕ್ಕೆ ಹೊರಟು, ಮಧ್ಯಾಹ್ನ ಎರಡರೊಳಗೆ ಮನೆ ಸೇರಿ ಊಟ ಮಾಡಬಹುದು. ಸಂಜೆ ಸಾವಿರ ಕಂಬದ ಬಸದಿಯ ದರ್ಶನಕ್ಕೂ ಸಮಯ ಉಳಿಯುತ್ತದೆ.

ಕಾರ್ಕಳದ ಬಾಹುಬಲಿಗೆ 2015ರಲ್ಲಿ ಮಹಾಮಸ್ತಕಾಭಿಷೇಕ ನಡೆದಿತ್ತು. 12 ವರ್ಷಗಳ ಕ್ರಮದಂತೆ ಮುಂದಿನದು 2027ಕ್ಕೆ ಬರುತ್ತದೆ. ಅಂತಹ ಸಂದರ್ಭಕ್ಕೆ ಟಿಕೆಟ್ ಕಾಯ್ದಿರಿಸುವವರು ಹಾರಾಟದ ಅವಧಿಯ ಬದಲು ಮನೆಯಿಂದ ಬಸದಿಯವರೆಗಿನ ಅವಧಿ ಲೆಕ್ಕ ಹಾಕಬೇಕು. ವಯಸ್ಸಾದವರು, ವ್ರತ ಹಿಡಿದವರು ಜೊತೆಗಿದ್ದರೆ ಕಡಿಮೆ ದರದ ಸಂಜೆಯ ವಿಮಾನಕ್ಕಿಂತ ಹಗಲಿನದೇ ಮೇಲು.